ಮನೆಗಿಂತ ಮೊದಲು ಏನು ಬಂತು? ಫ್ರೈಬುರ್ಗ್, ವಿಯೆನ್ನಾ, ಕೋಪನ್‌ಹೇಗನ್, ಬಾರ್ಸಿಲೋನಾ: ನೀವು ನೋಡಬೇಕಾದ ಊರು ಯಾವುದು

ವಾಸ್ತುಶಿಲ್ಪ ಓದುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಯುರೋಪಿನಲ್ಲಿ ಹತ್ತು ಹನ್ನೆರಡು ದಿನ ಸಿಗುತ್ತದೆ, ಪರಿಸರಕ್ಕೆ ಒಗ್ಗುವ ಹಾಗೆ ಕಟ್ಟಿದ ನಗರಗಳನ್ನು ನೋಡಬೇಕು, ಎಲ್ಲಿಗೆ ಹೋಗಲಿ? ಜರ್ಮನಿಯಲ್ಲೋ ಸ್ವೀಡನ್ನಿನಲ್ಲೋ ಇರುವ ಮಕ್ಕಳ ಮನೆಗೆ ಹೊರಟ ಹಿರಿಯರೂ ಈಚೆಗೆ ಇದನ್ನೇ ಕೇಳುತ್ತಾರೆ. ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಏಳೆಂಟು ಊರುಗಳಿರುತ್ತವೆ, ಎಲ್ಲಕ್ಕಿಂತ ಮೇಲೆ ಮಿಲಾನಿನ ಬೋಸ್ಕೊ ವೆರ್ಟಿಕಾಲೆ ಇರುತ್ತದೆ. 2014ರಲ್ಲಿ ಮುಗಿದ, ಬಾಲ್ಕನಿಗಳ ತುಂಬ ಮರ ಬೆಳೆಸಿದ ಆ ಜೋಡಿ ಗೋಪುರಗಳ ಚಿತ್ರ ನೋಡದವರಿಲ್ಲ. ನಾನು ಪಟ್ಟಿಯಿಂದ ಮೊದಲು ಹೊಡೆದುಹಾಕುವ ಹೆಸರೇ ಅದು. ಕಟ್ಟಡ ಚೆನ್ನಾಗಿಲ್ಲವೆಂದಲ್ಲ. ಅದು ಉಳ್ಳವರ ಅಪಾರ್ಟ್‌ಮೆಂಟ್. ಅದರಿಂದ ಒಂದು ಊರು ಹೇಗೆ ಬದುಕಬೇಕು ಎಂಬುದಕ್ಕೆ ಉತ್ತರ ಸಿಗುವುದಿಲ್ಲ, ಸಿಗುವಷ್ಟು ಉತ್ತರಕ್ಕೆ ಚಿತ್ರವೇ ಸಾಕು.

ಖರ್ಚು ಮಾಡಿಕೊಂಡು ಹೋಗುವುದಾದರೆ ಚಿತ್ರದಲ್ಲಿ ಕಾಣದ್ದನ್ನು ನೋಡಬೇಕು. ಯಾವುದೇ ಬಡಾವಣೆಗೆ ಹೋದರೂ ನಾನು ಕೇಳಿಕೊಳ್ಳುವುದು ಇಷ್ಟು: ಇಲ್ಲಿ ಮನೆಗಿಂತ ಮೊದಲು ಏನು ಬಂತು? ರೈಲು ಬಂತೇ, ಶಾಲೆ ಬಂತೇ, ಜನರ ಸಭೆ ನಡೆಯಿತೇ? ನೆಲ ಮೊದಲು ಯಾರ ಕೈಯಲ್ಲಿತ್ತು? ಕಾರಿಗೆ ಜಾಗ ಬಿಟ್ಟ ಮೇಲೆ ಉಳಿದದ್ದು ಜನಕ್ಕೋ, ಜನಕ್ಕೆ ಬಿಟ್ಟ ಮೇಲೆ ಉಳಿದದ್ದು ಕಾರಿಗೋ? ಈ ಸರದಿಯೇ ಊರಿನ ಹಣೆಬರಹ. ನಾಲ್ಕು ನಗರಗಳು ಈ ಸರದಿಯನ್ನು ನಾಲ್ಕು ರೀತಿಯಲ್ಲಿ ಹೂಡಿವೆ. ಹನ್ನೆರಡು ದಿನದಲ್ಲಿ ಅವುಗಳಲ್ಲಿ ಎರಡನ್ನು ಚೆನ್ನಾಗಿ ನೋಡಬಹುದು. ನಾಲ್ಕಕ್ಕೂ ಕೈಹಾಕಿದರೆ ರೈಲು ನಿಲ್ದಾಣಗಳನ್ನು ನೋಡಿ ಬಂದಂತಾಗುತ್ತದೆ.

ಫ್ರೈಬುರ್ಗ್: ಜನ ಮೊದಲು ಕೂಡಿದರು

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಬುಡದಲ್ಲಿರುವ ಊರು. ಜನಸಂಖ್ಯೆ ಸುಮಾರು 2.3 ಲಕ್ಷ. ಫ್ರಾಂಕ್‌ಫರ್ಟ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ.

ಇಲ್ಲಿನ ಕಥೆ ಕಟ್ಟಡಗಳಿಂದ ಶುರುವಾಗುವುದಿಲ್ಲ, ದ್ರಾಕ್ಷಿ ತೋಟಗಳಿಂದ ಶುರುವಾಗುತ್ತದೆ. ಹತ್ತಿರದ ವೀಲ್ ಎಂಬ ಹಳ್ಳಿಯಲ್ಲಿ ಅಣುಸ್ಥಾವರ ಕಟ್ಟಲು ಸರ್ಕಾರ ಹೊರಟಾಗ, 1975ರಲ್ಲಿ ರೈತರು, ದ್ರಾಕ್ಷಿ ಬೆಳೆಗಾರರು, ವಿದ್ಯಾರ್ಥಿಗಳು ಆ ಜಾಗದಲ್ಲೇ ಬೀಡುಬಿಟ್ಟರು. ಸ್ಥಾವರ ಕೊನೆಗೂ ಬರಲಿಲ್ಲ. ಬೇಡವೆಂದವರು ಹಾಗಾದರೆ ಬೇಕಾದದ್ದೇನು ಎಂದು ಯೋಚಿಸಲೇಬೇಕಾಯಿತು. 1977ರಲ್ಲಿ ಪರಿಸರ ಸಂಶೋಧನೆಯ ಓಕೊ ಇನ್‌ಸ್ಟಿಟ್ಯೂಟ್, 1981ರಲ್ಲಿ ಸೌರಶಕ್ತಿ ಸಂಶೋಧನೆಯ ಫ್ರೌನ್‌ಹೋಫರ್ ಸಂಸ್ಥೆ ಇದೇ ಊರಿನಲ್ಲಿ ಹುಟ್ಟಿದವು.

1992ರಲ್ಲಿ ಫ್ರೆಂಚ್ ಸೇನೆ ವೋಬಾನ್ ಎಂಬ ತನ್ನ ಶಿಬಿರ ಖಾಲಿ ಮಾಡಿಕೊಂಡು ಹೋಯಿತು. ಸುಮಾರು 40 ಹೆಕ್ಟೇರ್ ಜಾಗ. ನಗರಾಡಳಿತ ಅದನ್ನು ಕೊಂಡು ದೊಡ್ಡ ಬಿಲ್ಡರಿಗೆ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಸಣ್ಣ ಸಣ್ಣ ನಿವೇಶನ ಮಾಡಿತು. ಹತ್ತು ಹದಿನೈದು ಮನೆಯವರು ಗುಂಪುಗೂಡಿ, ಒಟ್ಟಿಗೆ ನಿವೇಶನ ಕೊಂಡು, ತಾವೇ ವಾಸ್ತುಶಿಲ್ಪಿಯನ್ನು ಹಿಡಿದು ಕಟ್ಟಿಸಿಕೊಂಡರು. ಬೌಗ್ರುಪ್ಪೆ ಎನ್ನುತ್ತಾರೆ ಇದಕ್ಕೆ. ಬಿಲ್ಡರಿನ ಲಾಭ ಇಲ್ಲದ್ದರಿಂದ ಆ ಹಣ ದಪ್ಪ ಗೋಡೆಗೆ, ಒಳ್ಳೆಯ ಕಿಟಕಿಗೆ ಹೋಯಿತು. ಮುಖ್ಯವಾದದ್ದು ಇನ್ನೊಂದಿದೆ: ಗೃಹಪ್ರವೇಶಕ್ಕೆ ಎರಡು ವರ್ಷ ಮೊದಲೇ ನೆರೆಹೊರೆಯವರಿಗೆ ಪರಸ್ಪರ ಪರಿಚಯ, ಜಗಳ, ರಾಜಿ ಎಲ್ಲ ಆಗಿರುತ್ತಿತ್ತು.

ಆ ಜಗಳಗಳಲ್ಲಿ ದೊಡ್ಡದು ಕಾರಿನದು. ಮನೆಯ ಮುಂದೆ ಪಾರ್ಕಿಂಗ್ ಬೇಡವೆಂದು ಬಹುಪಾಲು ಬೀದಿಗಳು ತೀರ್ಮಾನಿಸಿದವು. ಕಾರು ಇಟ್ಟುಕೊಳ್ಳುವವರು ಬಡಾವಣೆಯ ಅಂಚಿನ ಬಹುಮಹಡಿ ಗ್ಯಾರೇಜಿನಲ್ಲಿ ಜಾಗ ಕೊಳ್ಳಬೇಕು, ಅದರ ಬೆಲೆಯನ್ನು ಪೂರ್ತಿ ತಾವೇ ಕೊಡಬೇಕು. ಇಲ್ಲದವರು ಇಲ್ಲವೆಂದು ಬರೆದುಕೊಟ್ಟರೆ ಆ ಭಾರದಿಂದ ಪಾರು. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಕಾರಿಲ್ಲದವನೂ ಪಾರ್ಕಿಂಗಿಗೆ ದುಡ್ಡು ತೆರುತ್ತಾನೆ. ಅಲ್ಲಿ ಆ ಲೆಕ್ಕವನ್ನು ಬಿಡಿಸಿ ಇಟ್ಟರು, ಅಷ್ಟೇ. ಕಾರುಗಳ ಸಂಖ್ಯೆ ಸಾವಿರ ಜನಕ್ಕೆ 200ಕ್ಕೂ ಕೆಳಗಿಳಿಯಿತು.

ಶಕ್ತಿಯ ಲೆಕ್ಕ ತಿಳಿಯಬೇಕೆಂದರೂ ಇದೇ ಜಾಗ. ವೋಬಾನಿನಲ್ಲಿ ಮನೆ ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ 65 ಕಿಲೋವ್ಯಾಟ್ ಗಂಟೆ ಮೀರಬಾರದೆಂಬುದು ಕನಿಷ್ಠ ನಿಯಮವಾಗಿತ್ತು. ಹೊರಗಿನ ಶಾಖ ಹೆಚ್ಚುಕಡಿಮೆ ಬೇಡದಂತೆ ಕಟ್ಟುವ ಪ್ಯಾಸಿವ್ ಹೌಸ್ ಮಾದರಿಯ ಮನೆಗಳಿಗೆ 15 ಸಾಕು. ಪಕ್ಕದಲ್ಲೇ ವಾಸ್ತುಶಿಲ್ಪಿ ರಾಲ್ಫ್ ಡಿಶ್ ಕಟ್ಟಿದ 59 ಮನೆಗಳ ಸೌರ ಬಡಾವಣೆ ಇದೆ, ಆ ಮನೆಗಳು ತಾವು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸುತ್ತವೆ. ಸೂರ್ಯನ ಕಡೆಗೆ ತಿರುಗುವ ಅವರ ಸ್ವಂತ ಮನೆ ಹೇಲಿಯೊಟ್ರೋಪ್ ಕೂಡ ಆ ಗುಡ್ಡದ ಮೇಲಿದೆ. ಹೊರಗಿನಿಂದ ನೋಡಿದರೆ ಸಾಕು.

ಕೊರತೆಯನ್ನೂ ಹೇಳಬೇಕು. ವೋಬಾನಿನಲ್ಲಿರುವುದು ಐದೂವರೆ ಸಾವಿರ ಜನ. ಸಭೆಗೆ ಬರಲು ಪುರುಸೊತ್ತು, ಗುಂಪು ಕಟ್ಟಲು ತಿಳಿವಳಿಕೆ, ಬ್ಯಾಂಕಿನ ಸಾಲಕ್ಕೆ ಯೋಗ್ಯತೆ ಇದ್ದವರೇ ಹೆಚ್ಚಾಗಿ ಇಲ್ಲಿ ನೆಲೆಸಿದರು. ಒಂದು ಕೋಟಿ ಜನರ ಊರಿನ ಸಮಸ್ಯೆ ತಲೆಯಲ್ಲಿಟ್ಟುಕೊಂಡು ಹೋದವರಿಗೆ ಇದು ಕೂಸಿನ ಅಂಗಿಯಂತೆ ಕಾಣುತ್ತದೆ. ಟ್ರಾಮ್ ಕೂಡ ವೋಬಾನಿಗೆ ಬಂದದ್ದು 2006ರಲ್ಲಿ, ಜನ ಬಂದು ಎಷ್ಟೋ ವರ್ಷದ ಮೇಲೆ. ಅದೇ ಊರಿನ ಇನ್ನೊಂದು ಬಡಾವಣೆ ರೀಜಲ್‌ಫೆಲ್ಡ್‌ನಲ್ಲಿ ಟ್ರಾಮ್ 1997ರಲ್ಲೇ, ಕಟ್ಟಡಗಳು ಇನ್ನೂ ಏಳುತ್ತಿರುವಾಗಲೇ ಓಡತೊಡಗಿತ್ತು. ಪ್ರವಾಸಿಗಳು ಯಾರೂ ರೀಜಲ್‌ಫೆಲ್ಡ್‌ಗೆ ಹೋಗುವುದಿಲ್ಲ, ನೀವು ಹೋಗಿ. ಎರಡನ್ನೂ ಒಂದೇ ದಿನದಲ್ಲಿ ನೋಡಿದರೆ ಸರದಿ ಎಂದು ನಾನು ಹೇಳುತ್ತಿರುವುದು ಏನೆಂದು ಕಣ್ಣಿಗೇ ಬೀಳುತ್ತದೆ. ವೋಬಾನಿಗೆ ಮಾತ್ರ ಮಧ್ಯಾಹ್ನ ಮೂರರ ನಂತರ ಹೋಗಬೇಕು. ಬೆಳಿಗ್ಗೆ ಅದೊಂದು ಸಾಧಾರಣ ಬಡಾವಣೆ. ಶಾಲೆ ಬಿಟ್ಟ ಮೇಲೆ ಬೀದಿಯ ನಡುವೆ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸುತ್ತ ಕೂತ ಮಕ್ಕಳನ್ನು ನೋಡಿದಾಗಲೇ ಅದು ಏನೆಂದು ತಿಳಿಯುವುದು.

ವಿಯೆನ್ನಾ: ನೆಲ ಮೊದಲು ಊರಿನದಾಯಿತು

ಒಂದೇ ಊರು ನೋಡಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ವಿಯೆನ್ನಾ. ಇದನ್ನು ಮುಚ್ಚಿಟ್ಟುಕೊಂಡು ಕೊನೆಯಲ್ಲಿ ಹೇಳುವ ಅಗತ್ಯವಿಲ್ಲ.

ಕಾರಣ ಬಾಡಿಗೆ. ಹಸಿರು ಬಡಾವಣೆ ಕಟ್ಟಿದ ಮರುಗಳಿಗೆ ಅಲ್ಲಿನ ಬೆಲೆ ಏರುತ್ತದೆ. ಬೆಲೆ ಏರಿದರೆ ದಾದಿ, ಬಸ್ ಚಾಲಕ, ಶಾಲೆಯ ಮೇಷ್ಟ್ರು ಊರಾಚೆ ಹೋಗುತ್ತಾರೆ, ದಿನಾ ಮೂವತ್ತು ಕಿಲೋಮೀಟರ್ ಓಡಾಡುತ್ತಾರೆ. ಗೋಡೆಯಲ್ಲಿ ಉಳಿಸಿದ ಶಕ್ತಿ ರಸ್ತೆಯಲ್ಲಿ ಸುಟ್ಟುಹೋಗುತ್ತದೆ. ಈ ಸಿಕ್ಕನ್ನು ನೂರು ವರ್ಷದಿಂದ ಬಿಡಿಸುತ್ತ ಬಂದ ದೊಡ್ಡ ನಗರ ವಿಯೆನ್ನಾ. ಸುಮಾರು 20 ಲಕ್ಷ ಜನರ ಈ ಊರಿನಲ್ಲಿ ಪಾಲಿಕೆಯೇ 2.2 ಲಕ್ಷದಷ್ಟು ಬಾಡಿಗೆ ಮನೆಗಳ ಒಡೆಯ. ಮಿತ ಲಾಭದ ಸಂಘಗಳ ಮನೆಗಳೂ ಸೇರಿದರೆ ಊರಿನ ಸುಮಾರು ಅರ್ಧ ಜನ ಈ ಸೂರುಗಳಡಿ ಇದ್ದಾರೆ. ಇವು ಕಡುಬಡವರ ಕಾಲೊನಿಗಳಲ್ಲ. ಆದಾಯದ ಮಿತಿಯನ್ನು ಮಧ್ಯಮವರ್ಗವೂ ಒಳಗೆ ಬರುವಷ್ಟು ಮೇಲೆ ಇಟ್ಟಿದ್ದಾರೆ. ಆಮೇಲೆ ಸಂಬಳ ಏರಿತೆಂದು ಯಾರನ್ನೂ ಎಬ್ಬಿಸುವುದಿಲ್ಲ. ಹಾಗಾಗಿ ಒಂದೇ ಮೆಟ್ಟಿಲಲ್ಲಿ ವೈದ್ಯರೂ ವೆಲ್ಡರೂ ಹತ್ತಿಳಿಯುತ್ತಾರೆ.

ಮೊದಲ ದಿನ ಪಾಲಿಕೆಯ ಬಾಡಿಗೆ ಮನೆಗಳ ಸಮುಚ್ಚಯ ಕಾರ್ಲ್ ಮಾರ್ಕ್ಸ್ ಹೋಫ್‌ಗೆ ಹೋಗಿ. 1930ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಕಾರ್ಲ್ ಎನ್ ಅವರ ವಿನ್ಯಾಸ. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು, 1,382 ಮನೆಗಳು. ನಮ್ಮ ಹಳೆಯ ವಠಾರವನ್ನು ಕಂಡವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ: ಬೀದಿಯಿಂದ ಕಮಾನು ದಾಟಿ ಅಂಗಳಕ್ಕೆ ಬರುವುದು, ಅಂಗಳದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮನೆಗೆ. ಅಂಗಳ ದಾಟದೆ ಯಾರೂ ಮನೆ ಸೇರುವಂತಿಲ್ಲ, ಒಬ್ಬರ ಮುಖ ಒಬ್ಬರು ನೋಡದೆ ವಿಧಿಯಿಲ್ಲ. ಇಡೀ ನಿವೇಶನದಲ್ಲಿ ಐದನೇ ಒಂದು ಭಾಗದಷ್ಟೂ ಕಟ್ಟಡ ಹರಡಿಲ್ಲ, ಉಳಿದದ್ದೆಲ್ಲ ಅಂಗಳ, ಮರ. ಒಳಗೆ ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ, ಶಿಶುವಿಹಾರ, ಗ್ರಂಥಾಲಯ ಎಲ್ಲ ಇದ್ದವು. 1923ರಲ್ಲಿ ತಂದ ವಸತಿ ತೆರಿಗೆಯ ಹಣದಲ್ಲಿ ಇಂಥವನ್ನು ಕಟ್ಟಿದರು. ದೊಡ್ಡ ಬಂಗಲೆಗೆ ಹೆಚ್ಚು, ಸಣ್ಣ ಮನೆಗೆ ತೀರ ಕಡಿಮೆ ಎಂಬ ಲೆಕ್ಕದ ತೆರಿಗೆ ಅದು. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಇದೇ ಕಟ್ಟಡದ ಮೇಲೆ ಸೇನೆ ಫಿರಂಗಿ ಹಾರಿಸಿತು. ಬಾಡಿಗೆ ಮನೆಯನ್ನು ಕೋಟೆಯೆಂದು ಕಂಡ ಕಾಲ!

ಇಂದು ಹಣ ಬರುವ ದಾರಿ ಬೇರೆ. ಪ್ರತಿ ಸಂಬಳದಿಂದ ಒಂದು ಸಣ್ಣ ಪಾಲು, ಕೆಲಸ ಕೊಟ್ಟವರಿಂದ ಅಷ್ಟೇ ಪಾಲು ವಸತಿ ನಿಧಿಯ ಹೆಸರಿನಲ್ಲಿ ಸಂಗ್ರಹವಾಗುತ್ತದೆ. ನೆಲವನ್ನು ಮುಂಚಿತವಾಗಿ ಕೊಂಡಿಡಲು 1984ರಿಂದ ಒಂದು ಸಾರ್ವಜನಿಕ ನಿಧಿಯೇ ಇದೆ. ಆ ನೆಲದಲ್ಲಿ ಕಟ್ಟಬೇಕೆನ್ನುವವರು ಸ್ಪರ್ಧೆಗೆ ಇಳಿಯಬೇಕು. 1995ರಿಂದ ನಡೆಯುತ್ತಿರುವ ಈ ಸ್ಪರ್ಧೆಯಲ್ಲಿ ಗೆಲ್ಲುವುದು ಅತಿ ಹೆಚ್ಚು ಬೆಲೆ ಕೂಗಿದವರಲ್ಲ. ವೆಚ್ಚ, ವಾಸ್ತುಶಿಲ್ಪ, ಪರಿಸರ ಈ ಮೂರನ್ನು ತೂಗುತ್ತಾರೆ, 2009ರಿಂದ ಸಾಮಾಜಿಕ ಬಾಳಿಕೆಯೂ ಸೇರಿ ನಾಲ್ಕಾಯಿತು. ನಾನು ಈ ನಗರವನ್ನು ಇಷ್ಟು ಮೆಚ್ಚುವುದು ಈ ಒಂದು ಪದ್ಧತಿಗಾಗಿ. ನೆಲದ ಬೆಲೆಯ ಮೇಲೆ ನಡೆಯಬೇಕಿದ್ದ ಪೈಪೋಟಿಯನ್ನು ಮನೆಯ ಗುಣದ ಮೇಲೆ ನಡೆಯುವ ಹಾಗೆ ತಿರುಗಿಸಿದರು.

ಎರಡನೇ ದಿನ ಪೂರ್ತಿ ಝೇಶ್ಟಾಟ್ ಆಸ್ಪರ್ನ್‌ಗೆ. ಹಳೆಯ ವಿಮಾನ ನಿಲ್ದಾಣದ 240 ಹೆಕ್ಟೇರ್ ಬಯಲಿನಲ್ಲಿ, 2007ರ ನಕಾಶೆಯಂತೆ ಏಳುತ್ತಿರುವ ಹೊಸ ಊರು, 25,000ಕ್ಕೂ ಹೆಚ್ಚು ಜನಕ್ಕೆ. ಇಲ್ಲಿಗೆ ಯು2 ಮೆಟ್ರೊ ಬಂದದ್ದು 2013ರ ಅಕ್ಟೋಬರಿನಲ್ಲಿ. ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ! ಒಂದು ವರ್ಷ ರೈಲು ಹೆಚ್ಚುಕಡಿಮೆ ಖಾಲಿ ಬಯಲಿಗೆ ಓಡಿತು. ಇದು ದುಂದಲ್ಲ. ಹೊಸ ಮನೆಗೆ ಬಂದ ಮೊದಲ ವಾರ ಕೆಲಸಕ್ಕೆ ಹೇಗೆ ಹೋಗುತ್ತೀರೋ ಮುಂದಿನ ಇಪ್ಪತ್ತು ವರ್ಷ ಹಾಗೇ ಹೋಗುತ್ತೀರಿ. ಆ ಮೊದಲ ವಾರಕ್ಕೆ ರೈಲು ಕಾಯುತ್ತಿದ್ದರೆ ಕಾರಿನ ಸಾಲದ ಅರ್ಜಿ ತುಂಬುವ ಪ್ರಮೇಯ ಬರುವುದಿಲ್ಲ. ಮೆಟ್ರೊ ಬರುತ್ತದೆ ಬರುತ್ತದೆ ಎಂದು ಹತ್ತು ವರ್ಷ ಕಾದ ಬೆಂಗಳೂರಿನ ಬಡಾವಣೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ನೋಡಬೇಕಾದವು ಹಲವು. 84 ಮೀಟರ್ ಎತ್ತರದ, ಬಹುಪಾಲು ಮರದಿಂದಲೇ ಕಟ್ಟಿದ ಹೊಹೊ ಗೋಪುರ. ನಡುವೆ ತೋಡಿದ ಐದು ಹೆಕ್ಟೇರಿನ ಕೆರೆ, ಬೇಸಿಗೆಯಲ್ಲಿ ಊರಿಗೆ ಊರೇ ಅದರಲ್ಲಿ ಈಜುತ್ತದೆ. ಬೀದಿಗಳ ಹೆಸರುಗಳನ್ನು ಓದುತ್ತ ನಡೆಯಿರಿ: ಹೆಚ್ಚಿನವು ಹೆಂಗಸರ ಹೆಸರು, ಹಾನಾ ಆರೆಂಟ್ ಚೌಕ, ಜಾನಿಸ್ ಜಾಪ್ಲಿನ್ ದಂಡೆ ಹೀಗೆ. ಇದು ಬರಿ ಹೆಸರಿನ ಮಾತಲ್ಲ. 1990ರ ದಶಕದಲ್ಲೇ ಪಾಲಿಕೆಯ ಯೋಜಕಿ ಎವಾ ಕೈಲ್ ಮುಂತಾದವರು ಹೆಂಗಸರ ದಿನಚರಿಯನ್ನು ಇಟ್ಟುಕೊಂಡು ವಸತಿ ಯೋಜಿಸಬೇಕೆಂದು ಹಟ ಹಿಡಿದಿದ್ದರು. ಫ್ರೌಎನ್ ವೆರ್ಕ್ ಶ್ಟಾಟ್ ಎಂಬ ವಸತಿ ಸಮುಚ್ಚಯ 1997ರಲ್ಲಿ ಮುಗಿಯಿತು. ಅಡುಗೆಮನೆಯ ಕಿಟಕಿಯಿಂದ ಆಡುವ ಮಗು ಕಾಣಬೇಕು, ತಳ್ಳುಗಾಡಿ ಇಡಲು ಪ್ರತಿ ಮಹಡಿಯಲ್ಲಿ ಜಾಗ ಬೇಕು, ಮೆಟ್ಟಿಲಿಗೆ ಬೆಳಕು ಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯರು ಗೊಣಗುತ್ತಿದ್ದ ಮಾತುಗಳೇ ಇವು. ಅಲ್ಲಿ ಯಾರೋ ಅವನ್ನು ನಕಾಶೆಗೆ ಇಳಿಸಿದರು.

ಝೇಶ್ಟಾಟ್‌ನ ತಪ್ಪೂ ಕಣ್ಣಿಗೆ ಬೀಳುತ್ತದೆ. ಮೊದಲ ಹಂತದ ಚೌಕಗಳಲ್ಲಿ ಕಲ್ಲುಹಾಸು ಜಾಸ್ತಿಯಾಯಿತು, ಮರಗಳಿನ್ನೂ ಚಿಕ್ಕವು, ಜುಲೈ ಮಧ್ಯಾಹ್ನ ಕಾಲಿಡಲಾಗದು. ಬಯಲುಗಾಳಿ ಜೋರು. ಇನ್ನು ಹೊಸಬರ ಪಾಡು: ಪಾಲಿಕೆಯ ಮನೆಗೆ ಅರ್ಜಿ ಹಾಕಲು ಊರಲ್ಲಿ ಇಷ್ಟು ಕಾಲ ನೆಲೆಸಿರಬೇಕೆಂಬ ನಿಯಮವಿದೆ, ಓದಲು ಹೋದ ನಮ್ಮ ಮಕ್ಕಳು ಖಾಸಗಿ ಬಾಡಿಗೆಯಲ್ಲೇ ಏಗಬೇಕು.

ಕೋಪನ್‌ಹೇಗನ್: ಮಳೆ ಮೊದಲು ಬಂತು

ಸೈಕಲ್‌ಗಾಗಿ ಎಲ್ಲರೂ ಇಲ್ಲಿಗೆ ಹೋಗುತ್ತಾರೆ. ಹೋಗಲಿ, ನೋಡುವಂಥದ್ದೇ. ಫುಟ್‌ಪಾತಿಗೂ ರಸ್ತೆಗೂ ನಡುವೆ ಒಂದು ಮೆಟ್ಟಿಲಷ್ಟು ಎತ್ತರಿಸಿದ ಸೈಕಲ್ ಹಾದಿ, ನಿಂತ ಕಾರುಗಳ ಸಾಲು ಅದಕ್ಕೆ ಬೇಲಿ. ನೊರೆಬ್ರೊ ಬೀದಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿದರೆ ಹಸಿರು ಸಿಗ್ನಲ್ ಮೇಲೆ ಹಸಿರು ಸಿಗ್ನಲ್ ಸಿಗುತ್ತ ಹೋಗುತ್ತದೆ. ಈ ಊರಿನ ಮುಖ್ಯ ಅಂಗಡಿ ಬೀದಿ ಸ್ಟ್ರೋಯೆಟ್ 1962ರಲ್ಲೇ ಕಾರು ಬಿಟ್ಟಿತು. ಹಾಗೆ ಬಿಟ್ಟ ಮೇಲೆ ಜನ ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಎಣಿಸುತ್ತ ಕೂತವರು ವಾಸ್ತುಶಿಲ್ಪಿ ಯಾನ್ ಗೇಲ್. ಜಗತ್ತಿನ ಎಷ್ಟೋ ನಗರಗಳ ಯೋಜನೆಗೆ ಆ ಎಣಿಕೆ ಬುನಾದಿಯಾಯಿತು.

ಆದರೆ ನಮ್ಮ ಕಡೆಯವರು ಹೋಗಬೇಕಾದದ್ದು ಮಳೆಗಾಗಿ. 2011ರ ಜುಲೈ 2ರಂದು ಎರಡು ಮೂರು ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿಯಿತು. ನೆಲಮಾಳಿಗೆಗಳು, ರಸ್ತೆಗಳು ಮುಳುಗಿದವು, ನಷ್ಟ ನೂರಾರು ಕೋಟಿ ಕ್ರೋನ. ಇನ್ನೂ ದೊಡ್ಡ ಕೊಳವೆ ಹೂಳೋಣ ಎಂಬ ಮಾತು ಸಹಜವಾಗಿ ಬಂತು. ಲೆಕ್ಕ ಹಾಕಿದಾಗ, ನೆಲದ ಮೇಲೆಯೇ ನೀರಿಗೆ ಜಾಗ ಕೊಡುವುದು ಅಗ್ಗವೆಂದು ಕಂಡಿತು. 2012ರಲ್ಲಿ ಮೇಘಸ್ಫೋಟದ ಯೋಜನೆ ಸಿದ್ಧವಾಯಿತು: ಇಪ್ಪತ್ತು ವರ್ಷಗಳಲ್ಲಿ ಸುಮಾರು 300 ಕಾಮಗಾರಿ, ಒಂದೊಂದೂ ಒಂದು ಉದ್ಯಾನವೋ ಬೀದಿಯೋ ಚೌಕವೋ.

ಮೊದಲು ಟೋಸಿಂಗೆ ಪ್ಲಾಸ್ ಎಂಬ ಚೌಕಕ್ಕೆ ಹೋಗಿ. ಪಾರ್ಕಿಂಗ್ ಆಗಿದ್ದ ಡಾಂಬರನ್ನು ಅಗೆದು 2014ರಲ್ಲಿ ಇಳಿಜಾರಿನ ತೋಟ ಮಾಡಿದರು. ಮಗುಚಿಟ್ಟ ಛತ್ರಿಯಂಥ ದೊಡ್ಡ ಆಕೃತಿಗಳು ಮಳೆನೀರು ಹಿಡಿಯುತ್ತವೆ. ಆಮೇಲೆ ಎಂಗ್‌ಹೇವ್ ಪಾರ್ಕ್. ಸುತ್ತಲೂ ಕೂರಲು ತಗ್ಗಾದ ಇಟ್ಟಿಗೆ ಕಟ್ಟೆ, ತಗ್ಗಿನಲ್ಲಿ ಆಟದ ಬಯಲು, ಗುಲಾಬಿ ತೋಟ. ಸಾಮಾನ್ಯ ದಿನ ಮಕ್ಕಳು ಅಲ್ಲಿ ಚೆಂಡಾಡುತ್ತಾರೆ. ದೊಡ್ಡ ಮಳೆಗೆ ಆ ಕಟ್ಟೆಯೇ ಏರಿಯಾಗಿ 22,600 ಘನ ಮೀಟರ್, ಅಂದರೆ 2 ಕೋಟಿ 26 ಲಕ್ಷ ಲೀಟರ್ ನೀರು ನಿಲ್ಲಬಲ್ಲದು. ಕಲ್ಯಾಣಿ ಕಟ್ಟಿದ ನಾಡಿನವರಿಗೆ ಇದು ಹೊಸ ಜ್ಞಾನವಲ್ಲ. ಏರಿ, ಕೋಡಿ, ತೂಬು ಎಂಬ ಮಾತುಗಳು ನಮ್ಮ ನಾಲಿಗೆಯ ಮೇಲೆ ಇನ್ನೂ ಇವೆ. ಆ ಕಟ್ಟೆಯ ಮೇಲೆ ಕೂತಾಗ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗಿ ಆಯಿತು.

ಶಾಖದ ವ್ಯವಸ್ಥೆಯೂ ತಿಳಿಯತಕ್ಕದ್ದು. ಊರಿನ ಸುಮಾರು ಶೇ. 98 ಮನೆಗಳಿಗೆ ಒಂದೇ ಕೊಳವೆ ಜಾಲದಿಂದ ಬಿಸಿನೀರಿನ ಶಾಖ ಹೋಗುತ್ತದೆ. ಕಸ ಸುಟ್ಟು ಶಾಖ, ವಿದ್ಯುತ್ ಕೊಡುವ ಅಮಾಗರ್ ಬಾಕ್ಕೆ ಸ್ಥಾವರದ ಇಳಿಜಾರು ಸೂರಿನ ಮೇಲೆ 2019ರಿಂದ ಸ್ಕೀ ಆಡುತ್ತಾರೆ. ಮೇಲಿನಿಂದ ಊರು ಚೆನ್ನಾಗಿ ಕಾಣುತ್ತದೆ. ಆದರೆ ಇದೇ ಸ್ಥಾವರದ ಇಂಗಾಲ ಹಿಡಿಯುವ ಯೋಜನೆಗೆ ಹಣ ಒದಗದೆ, 2025ರೊಳಗೆ ಇಂಗಾಲ ತಟಸ್ಥವಾಗುತ್ತೇವೆಂಬ ಗುರಿ ಮುಟ್ಟಲಾಗದೆಂದು ನಗರ 2022ರಲ್ಲಿ ಒಪ್ಪಿಕೊಂಡಿತು. ಕೋಪನ್‌ಹೇಗನ್ನಿನ ಹಳೆಯ ಲೇಖನಗಳನ್ನು ಓದಿಕೊಂಡು ಹೋಗುವವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತು ವಿಯೆನ್ನಾದ ಜೊತೆಗಿಟ್ಟು ನೋಡಬೇಕಾದದ್ದು. ಕೋಪನ್‌ಹೇಗನ್ನಿನ ಮೆಟ್ರೊಗೆ ಹಣ ಹೊಂದಿಸಿದ್ದು ಓರೆಸ್ಟಾಡ್ ಎಂಬ ಹೊಸ ಪ್ರದೇಶದ ಸಾರ್ವಜನಿಕ ನೆಲ ಮಾರಿ. ಜಾಣ ಉಪಾಯ. ಆದರೆ ನೆಲ ಮಾರಿ ರೈಲು ಕಟ್ಟಬೇಕಾದರೆ ನೆಲ ದುಬಾರಿಯಾಗಿರಲೇಬೇಕು. ನೆಲ ದುಬಾರಿಯಾದರೆ ಮನೆಯೂ ದುಬಾರಿ. ರೈಲು ಇಲ್ಲೂ ಬೇಗ ಬಂತು, ವಿಯೆನ್ನಾದಲ್ಲೂ ಬೇಗ ಬಂತು, ರೈಲಿನಿಂದಿಳಿದು ಮನೆಗೆ ಹೋಗುವವರು ಮಾತ್ರ ಬೇರೆ.

ಬಾರ್ಸಿಲೋನಾ: ಬೀದಿ ಮೊದಲೇ ಇತ್ತು

ಹೊಸದಾಗಿ ಏನನ್ನೂ ಕಟ್ಟಲು ನೆಲವಿಲ್ಲ, ಹಣವೂ ಕಡಿಮೆ, ಇರುವ ಊರನ್ನೇ ಸರಿಮಾಡಬೇಕು ಎನ್ನುವವರಿಗೆ ಬಾರ್ಸಿಲೋನಾ. ಎಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ 1859ರಲ್ಲಿ ಎಳೆದ ಚೌಕಳಿ ನಕಾಶೆ ಎಶಾಂಪ್ಲ ಭಾಗದ ಮೈಯೆಲ್ಲ ಹರಡಿದೆ. 113 ಮೀಟರ್ ಬದಿಯ ಚೌಕಗಳು, ಮೂಲೆ ಕತ್ತರಿಸಿದ ಕಟ್ಟಡಗಳು, ಬೀದಿಗಳು 20 ಮೀಟರ್ ಅಗಲ. ಸೆರ್ದಾ ಬಯಸಿದ್ದು ತೊಟ್ಟಿಯಂತೆ ನಡುವೆ ಹಸಿರು ಇರುವ ಚೌಕಗಳನ್ನು. ಆಸೆಬುರುಕತನ ಆ ನಡುವನ್ನೆಲ್ಲ ತುಂಬಿಬಿಟ್ಟಿತು.

ಸಾಲ್ವದೋರ್ ರುಯೆದಾ ಪ್ರತಿಪಾದಿಸಿದ ಸೂಪರ್‌ಬ್ಲಾಕ್ ಲೆಕ್ಕ ಸರಳ. ಮೂರು ಮೂರಲಿ ಒಂಬತ್ತು ಚೌಕಗಳನ್ನು ಒಂದು ಘಟಕ ಮಾಡಿ. ಹಾದುಹೋಗುವ ವಾಹನಗಳು ಹೊರಸುತ್ತಿನಲ್ಲಿ ಹೋಗಲಿ. ಒಳಗೆ ಅಲ್ಲಿಯವರ ಕಾರು, ಸಾಮಾನಿನ ಗಾಡಿ, ಆಂಬುಲೆನ್ಸ್ ಬರಬಹುದು, ಆದರೆ ಏಕಮುಖ ಬಾಣಗಳು ಅವನ್ನು ಬಂದ ಕಡೆಗೇ ತಿರುಗಿಸುತ್ತವೆ. ಯಾವ ಕಟ್ಟಡವನ್ನೂ ಮುಟ್ಟಬೇಕಿಲ್ಲ. 2016ರಲ್ಲಿ ಪೊಬ್ಲೆನೌ ಬಡಾವಣೆಯಲ್ಲಿ ಶುರುಮಾಡಿದ್ದು ಬಣ್ಣ, ಕುಂಡ, ಬೆಂಚುಗಳಿಂದ. ಜನ ಕೋಪದಿಂದ ಬೀದಿಗಿಳಿದರು. ಆಮೇಲೆ ಮಕ್ಕಳು ಆಡಲು ಇಳಿದರು, ಅಂಗಡಿಯವರು ಸುಮ್ಮನಾದರು. ಇಂಥ 503 ಘಟಕಗಳ ಪೂರ್ತಿ ಯೋಜನೆ ಜಾರಿಯಾದರೆ ವರ್ಷಕ್ಕೆ 667 ಅಕಾಲ ಮರಣ ತಪ್ಪುತ್ತದೆಂದು ಅಲ್ಲಿನ ಆರೋಗ್ಯ ಸಂಶೋಧಕರು ಅಂದಾಜಿಸಿದರು. ಜಾರಿಯಾದದ್ದು ಅದರ ಚೂರು ಮಾತ್ರ.

ಸಂತ್ ಅಂತೋನಿ ಮಾರುಕಟ್ಟೆಯ ಸುತ್ತ ಸಂಜೆ ಕೂತುಕೊಳ್ಳಿ, ಮರುದಿನ, ನಡೆಯುವವರಿಗೆ ಬಿಟ್ಟುಕೊಡುವ ಕೆಲಸ 2023ರಲ್ಲಿ ಮುಗಿದ ಕೊನ್ಸೆಲ್ ದೆ ಸೆಂತ್ ಬೀದಿಯುದ್ದಕ್ಕೂ ನಡೆಯಿರಿ. ಈ ಬೀದಿ ಕೋರ್ಟಿನ ಮೆಟ್ಟಿಲೂ ಹತ್ತಿದೆ, ಇದನ್ನು ಮಾಡಿಸಿದ ಮೇಯರ್ ಆದಾ ಕೊಲಾವು ಅದೇ ವರ್ಷ ಅಧಿಕಾರ ಕಳೆದುಕೊಂಡರು. ಬಣ್ಣ ಬಳಿದು ಮಾಡಿದ್ದನ್ನು ಬಣ್ಣ ಕೆರೆದು ಅಳಿಸಬಹುದು, ಅಗ್ಗದ ಮದ್ದಿನ ದೌರ್ಬಲ್ಯ ಇದು. ಬಾಡಿಗೆ, ಪ್ರವಾಸಿಗರ ಕಾಟ ಬೇರೆ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಸುಮಾರು ಹತ್ತು ಸಾವಿರ ಫ್ಲ್ಯಾಟುಗಳ ಪರವಾನಗಿಯನ್ನು 2028ರೊಳಗೆ ನಿಲ್ಲಿಸುವುದಾಗಿ ಈಗಿನ ಮೇಯರ್ ಘೋಷಿಸಿದ್ದಾರೆ. ದಯವಿಟ್ಟು ಅಂಥ ಫ್ಲ್ಯಾಟಿನಲ್ಲಿ ಇಳಿದುಕೊಳ್ಳಬೇಡಿ. ಬೀದಿಯನ್ನು ಜನಕ್ಕೆ ಹೇಗೆ ಬಿಟ್ಟುಕೊಟ್ಟರೆಂದು ಕಲಿಯಲು ಹೋಗಿ, ಅವರ ಮನೆಯನ್ನು ಕಿತ್ತುಕೊಳ್ಳುವುದು ಸರಿಯಲ್ಲ.

ಹಾಗಾದರೆ ಯಾರು ಎಲ್ಲಿಗೆ?

ನೀವು ಕಟ್ಟಡದ ಒಳಗನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಯಾದರೆ, ಗೋಡೆ, ಕಿಟಕಿ, ಶಾಖ, ಮರದ ಜೋಡಣೆ, ಆಗ ಫ್ರೈಬುರ್ಗ್ ಮತ್ತು ವಿಯೆನ್ನಾ. ಚಳಿನಾಡಿನ ದಪ್ಪ ಗೋಡೆಯನ್ನು ಹಾಗೇ ಹೊತ್ತು ತರಬೇಡಿ. ಅವರಿಗೆ ಶಾಖ ಹಿಡಿದಿಡುವ ಚಿಂತೆ, ನಮಗೆ ಬಿಡುವ ಚಿಂತೆ. ಪಾಲಿಕೆಯಲ್ಲೋ ನಿವಾಸಿಗಳ ಸಂಘದಲ್ಲೋ ಕೆಲಸ ಮಾಡುವವರಾದರೆ ಬಾರ್ಸಿಲೋನಾ ಮತ್ತು ಕೋಪನ್‌ಹೇಗನ್, ಏಕೆಂದರೆ ಈ ಎರಡು ಊರುಗಳು ಇದ್ದ ಬೀದಿಯಲ್ಲೇ ಕೆಲಸ ಮಾಡಿವೆ. ಹಣ ಯಾರು ಕೊಟ್ಟರು, ಯಾರು ಒಳಗೆ ಬಂದರು ಎಂಬ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ವಿಯೆನ್ನಾ ಒಂದರಲ್ಲೇ ಎಂಟು ದಿನ ಕಳೆಯಿರಿ. ಮೊಮ್ಮಕ್ಕಳ ಜೊತೆ ಹೋಗುವ ಅಜ್ಜ ಅಜ್ಜಿಯರಿಗೆ ಫ್ರೈಬುರ್ಗ್. ಹಳೆಯ ಪೇಟೆಯ ಬೀದಿಗಳ ಪಕ್ಕ ಹರಿಯುವ ಬೆಖ್ಲೆ ಎಂಬ ಪುಟ್ಟ ಕಾಲುವೆಗಳಲ್ಲಿ ಮಕ್ಕಳು ಕಾಗದದ ದೋಣಿ ಬಿಡಬಹುದು, ನಡೆದು ಸುಸ್ತಾಗುವಷ್ಟು ಊರು ದೊಡ್ಡದಲ್ಲ.

ಪ್ಯಾರಿಸ್ ಬಿಟ್ಟದ್ದೇಕೆ ಎಂದು ಕೇಳಬಹುದು. ಬೇಕಾದದ್ದೆಲ್ಲ ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸಿಗಬೇಕೆನ್ನುವ ಹದಿನೈದು ನಿಮಿಷದ ನಗರ ಎಂಬ ಮಾತು ಅಲ್ಲಿಂದ ಹಬ್ಬಿತು, ಸೇನ್ ನದಿಯ ದಂಡೆಯಿಂದ ಕಾರು ಹೋದದ್ದು ದೊಡ್ಡ ಕೆಲಸ. ಆದರೆ ಫ್ರಾನ್ಸಿಗೆ ಹೋಗುವುದಾದರೆ ನಾನು ಬೋರ್ಡೋಗೆ ಕಳಿಸುತ್ತೇನೆ. ಅಲ್ಲಿ ಗ್ರಾಂ ಪಾರ್ಕ್ ವಸತಿಯ 530 ಮನೆಗಳನ್ನು ವಾಸ್ತುಶಿಲ್ಪಿಗಳಾದ ಲಕಾಟೊನ್ ಮತ್ತು ವಾಸಾಲ್ ಅವರ ತಂಡ ಕೆಡವದೆ, ಒಳಗಿದ್ದವರನ್ನು ಎಬ್ಬಿಸದೆ, ಹೊರಗಿನಿಂದ ಸುಮಾರು ನಾಲ್ಕು ಮೀಟರ್ ಅಗಲದ ಗಾಜಿನ ಮೊಗಸಾಲೆ ಜೋಡಿಸಿ ದೊಡ್ಡದು ಮಾಡಿತು. 2019ರಲ್ಲಿ ಅದಕ್ಕೆ ವಾಸ್ತುಶಿಲ್ಪಕ್ಕೆ ಕೊಡುವ ಯುರೋಪಿನ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ಬಂತು. ಮೂವತ್ತು ವರ್ಷದ ಕಟ್ಟಡವನ್ನೂ ಹಳತೆಂದು ಉರುಳಿಸುವ ನಾವು ಅಲ್ಲಿ ಅರ್ಧ ದಿನ ನಿಂತು ನೋಡಬೇಕು.

ಕಾಲದ ವಿಷಯ: ಬಾರ್ಸಿಲೋನಾಗೆ ಮೇ ಅಥವಾ ಅಕ್ಟೋಬರ್, ಆಗಸ್ಟ್ ಬೇಡವೇ ಬೇಡ. ಕೋಪನ್‌ಹೇಗನ್‌ಗೆ ಜೂನ್, ರಾತ್ರಿ ಹತ್ತರವರೆಗೂ ಬೆಳಕು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕರೊಳಗೆ ಕತ್ತಲೆ. ಫ್ರೈಬುರ್ಗ್, ವಿಯೆನ್ನಾಗೆ ಮೇ ಇಲ್ಲವೇ ಸೆಪ್ಟೆಂಬರ್. ಷೆಂಗೆನ್ ವೀಸಾ ಒಂದೇ ಸಾಕು, ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಊರಿಂದೂರಿಗೆ ರೈಲಿನಲ್ಲೇ ಹೋಗಿ. ಫ್ರೈಬುರ್ಗ್‌ನಿಂದ ವಿಯೆನ್ನಾಗೆ ಒಂದು ಹಗಲು ಪೂರ್ತಿ ಬೇಕು.

ಕೋಪನ್‌ಹೇಗನ್ ಆರಿಸಿಕೊಂಡವರು ಒಂದು ದಿನ ಉಳಿಸಿಕೊಂಡು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೋಗೆ ಹೋಗಿ ಬನ್ನಿ, ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಎಲ್ಲರೂ ಬಂದರಿನ ಹೊಸ ಬಡಾವಣೆ, ತಿರುಚಿದ ಗೋಪುರ ನೋಡಿ ಹಿಂತಿರುಗುತ್ತಾರೆ. ನೀವು ಆಗುಸ್ಟೆನ್‌ಬೋರ್ಗ್‌ಗೆ ದಾರಿ ಕೇಳಿ. 1950ರ ಸುಮಾರಿನಲ್ಲಿ ಕಟ್ಟಿದ, ಮಳೆ ಬಂದಾಗಲೆಲ್ಲ ನೆಲಮಾಳಿಗೆಗೆ ಚರಂಡಿ ನೀರು ನುಗ್ಗುತ್ತಿದ್ದ ಸಾರ್ವಜನಿಕ ಬಾಡಿಗೆ ಮನೆಗಳ ಕಾಲೊನಿ ಅದು. 1998ರಿಂದ ಅಲ್ಲಿ ಮನೆಗಳ ನಡುವೆ ಸುಮಾರು 6 ಕಿಲೋಮೀಟರ್ ತೆರೆದ ಕಾಲುವೆ, ಹತ್ತು ಹೊಂಡ, ಸೂರಿನ ಮೇಲೆ ಹುಲ್ಲು ಬಂದವು. 2007ರ ದೊಡ್ಡ ಮಳೆಗೆ ಊರಿನ ರಸ್ತೆಗಳು ಮುಳುಗಿದಾಗ ಈ ಕಾಲೊನಿ ತಡೆದುಕೊಂಡಿತು. ಬಾಡಿಗೆದಾರರು ಅಲ್ಲಿಯೇ ಉಳಿದರು. ಚಿತ್ರ ತೆಗೆಯುವಂಥ ಕಟ್ಟಡ ಒಂದೂ ಇಲ್ಲ. ಮಳೆ ಬರುವ ದಿನವಾದರೆ ಇನ್ನೂ ಒಳ್ಳೆಯದು, ಛತ್ರಿ ಹಿಡಿದು ನೀರಿನ ಜೊತೆಗೇ ನಡೆಯುತ್ತ ಹೋಗಿ, ಸೂರಿನಿಂದ ಹೊಂಡದವರೆಗೆ.